ಉಲುವೆಗೆ ಮರುಪ್ರಶ್ನೆ ಕೇಳಿದ ದಿನ

ಅಳಿವೆ ಅಂತರರಾಷ್ಟ್ರೀಯ ಶಾಲೆ, ಕಾರವಾರದ ಕಡಲು
ಫೆಬ್ರುವರಿ ೩೦, ೨೨೧೭

ಎರಡು ಶತಮಾನ ಹಿಂದಿನ ಶಾಲಾಮಕ್ಕಳಿಗೆ,

ತಾರೀಖು ಬರೆಯುವಾಗ ನನ್ನ ಕೈ ತಪ್ಪಲಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಕ್ಕುವ ದಿನಗಳು ಯಾವ ತಿಂಗಳಿಗೂ ಸೇರದೆ ಮಕ್ಕಳ ಪಾಲಿಗೆ ರಜೆಯಾಗುತ್ತವೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು. ಹಳೆಯ ಪುಸ್ತಕಗಳನ್ನು ಓದಿಕೊಂಡು ಆದಷ್ಟು ನಿಮ್ಮ ರೀತಿಯಲ್ಲೇ ಬರೆಯುತ್ತಿದ್ದೇನೆ. ಎಡವಿದಲ್ಲಿ ಮನ್ನಿಸಿ.

ನನ್ನ ಹೆಸರು ದೇವಕಿ ಅಂಬಿಗ. ಇಲ್ಲಿನ ವಸತಿಗೃಹದ ಮಕ್ಕಳನ್ನು ನೋಡಿಕೊಳ್ಳುವ ಅಕ್ಕೋರು. ಕಾಳಿ ನದಿ ಕಡಲು ಸೇರುವ ಕಡೆ, ನೀರಿನಲ್ಲಿ ಕಂಬ ನಿಲ್ಲಿಸಿ ಕಟ್ಟಿದ ಶಾಲೆ ನಮ್ಮದು. ತರಗತಿಯಿಂದ ತರಗತಿಗೆ ಮಕ್ಕಳು ತೂಗುಸೇತುವೆಯ ಮೇಲೆ ಓಡುತ್ತಾರೆ. ಉಬ್ಬರ ಬಂದರೆ ಆಟದ ಬಯಲು ಮುಳುಗುವುದರಿಂದ, ಫುಟ್‌ಬಾಲ್ ಪಂದ್ಯ ಮುಗಿಯಿತೆಂದು ಸೀಟಿ ಊದುವವನು ಇಲ್ಲಿ ಸಮುದ್ರರಾಜನೇ. ಎಷ್ಟೋ ದೇಶಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂತು ಗಂಜಿ, ಮೀನುಸಾರು ಉಣ್ಣುತ್ತಾರೆ. ಎಲ್ಲರ ಕಿವಿಯಲ್ಲೂ ಕಿವಿಮಣಿ ಇರುತ್ತದೆ. ಜೋಳದ ಕಾಳಿನಷ್ಟು ಪುಟ್ಟ ಯಂತ್ರವದು. ಯಾರು ಯಾವ ಭಾಷೆಯಲ್ಲಿ ಆಡಿದರೂ ನಮ್ಮ ಭಾಷೆಯಲ್ಲಿ ಕೇಳಿಸುತ್ತದೆ. ಆದರೂ ಊಟದಮನೆಯ ಕನ್ನಡವನ್ನು ಎಲ್ಲ ಮಕ್ಕಳೂ ಒಂದು ಮಳೆಗಾಲದೊಳಗೆ ಕಲಿತುಬಿಡುತ್ತಾರೆ. ಬಡಿಸುವವರು ಕಿವಿಮಣಿ ಹಾಕುವುದಿಲ್ಲ, ಅದೇ ಕಾರಣ.

ನಿಮ್ಮ ವಾರ್ಷಿಕೋತ್ಸವಗಳ ಹಳೆಯ ಚಿತ್ರಗಳನ್ನು ನಾವು ಆಗಾಗ ನೋಡುತ್ತೇವೆ. ದೇಶದೇಶದ ಬಾವುಟ, ಕೊರಳಿಗೆ ಪದಕ, ಎತ್ತಿ ಹಿಡಿದ ಬೆಳ್ಳಿ ಬಣ್ಣದ ಕಪ್. ಅದರಲ್ಲಿ ಏನು ಕುಡಿಯುತ್ತಿದ್ದರು ಎಂದು ನಮ್ಮ ಮಕ್ಕಳು ಕೇಳುತ್ತಾರೆ. ನನಗೂ ತಿಳಿಯದು. ನೀವು ಯಾರಾದರೂ ಹೇಳುವಂತಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮಲ್ಲಿಯೂ ಸಾಧನೆಯ ಹಬ್ಬವಿದೆ. ಆ ದಿನ ಎಲ್ಲರೂ ಕಿವಿಮಣಿ ತೆಗೆದಿಡಬೇಕು. ವೇದಿಕೆ ಹತ್ತಿದವರು ತಾವು ಮಾಡಿದ್ದನ್ನು ತಮ್ಮ ಮನೆಮಾತಿನಲ್ಲಿ ಹೇಳಬೇಕು. ಸಭೆಯಲ್ಲಿ ಅದು ಅರ್ಥವಾದ ಒಬ್ಬರಾದರೂ ಎದ್ದು ಅದೇ ಮಾತಿನಲ್ಲಿ ಒಂದು ಪ್ರಶ್ನೆ ಕೇಳಬೇಕು. ಇದಕ್ಕೆ ಮರುಪ್ರಶ್ನೆ ಎನ್ನುತ್ತೇವೆ. ಮರುಪ್ರಶ್ನೆ ಬಂದರೇನೇ ಸಾಧನೆ ಸಭೆಗೆ ಸಂದಂತೆ. ಈ ಸಲ ವಿಜಯಪುರದ ಹುಡುಗನೊಬ್ಬ ಉಪ್ಪುನೀರಿನಲ್ಲಿ ತೆನೆಬಿಟ್ಟ ಜೋಳವನ್ನು ತೋರಿಸಿ ಮಾತಾಡಿದ. ರೊಟ್ಟಿ ಮಾಡುವಾಗ ಮತ್ತೆ ಉಪ್ಪು ಹಾಕಬೇಕೋ ಬೇಡವೋ ಎಂದು ಅವನ ಊರಿನವಳೇ ಕೇಳಿದಳು.

ದೊಡ್ಡ ತರಗತಿಯ ಹುಡುಗಿ ಉಲುವೆಗೆ ಮಾತ್ರ ಮರುಪ್ರಶ್ನೆ ಕೇಳುವವರು ಇರಲಿಲ್ಲ. ಅವಳದು ಕಡಲು ನುಂಗಿದ ಒಂದು ದ್ವೀಪ. ಅಲ್ಲಿನವರು ಚದುರಿಹೋಗಿ, ಆ ಭಾಷೆ ಆಡುವವರು ಎಷ್ಟು ಕಡಿಮೆಯಾದರೆಂದರೆ ಕಿವಿಮಣಿಗೂ ಅದು ಬರುವುದಿಲ್ಲ. ಅವಳಿಗೆ ಇದ್ದವಳು ಒಬ್ಬಳು ಅಜ್ಜಿ, ಉತ್ತರದ ಚಳಿದೇಶದಲ್ಲಿ. ವಾರಕ್ಕೊಮ್ಮೆ ದೂರಗನ್ನಡಿಯ ಮುಂದೆ ಕೂತು ಅಜ್ಜಿಯ ಮುಖ ನೋಡುತ್ತ ಆ ಮಾತು ಆಡುತ್ತಿದ್ದಳು. ಹೋದ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ಆಮೇಲೆ ಬಹಳ ದಿನ ಉಲುವೆಯ ಬಾಯಲ್ಲಿ ಆ ಮಾತು ನಾನು ಕೇಳಲಿಲ್ಲ.

ಶಾಲೆಯ ಚಿಕ್ಕ ಮಕ್ಕಳಿಗೆಲ್ಲ ಅಳಿವೆಯ ಸೆಳೆತದಲ್ಲಿ ಈಜು ಕಲಿಸಿದವಳು ಉಲುವೆ. ಶಾಲೆಯಲ್ಲಿ ಇದು ಅವಳ ಕಡೆಯ ವರ್ಷ. ವೇದಿಕೆ ಹತ್ತು ಎಂದು ನಾನು ಒತ್ತಾಯಿಸಿದೆ.

“ಯಾರಿಗೆ ಹೇಳೂದು ಅಕ್ಕೋರೆ?” ಎಂದಳು. “ಕೇಳೋರು ಇಲ್ಲದಿದ್ರೆ ಅದು ಬರೀ ಉಸಿರು.”

ಅವಳ ಕೋಣೆಯ ಜೊತೆಗಾತಿ ಅಂಕೋಲೆ ಕಡೆಯ ಮಾದೇವಿ ಹರಿಕಂತ್ರ ಇದನ್ನು ಕೇಳಿಸಿಕೊಂಡಳು. ಆ ಭಾಷೆ ಕಲಿಸು ಎಂದು ಗೆಳತಿಯನ್ನು ಬೇಡಿದಳು. ಉಲುವೆ ಒಪ್ಪಲಿಲ್ಲ. ಅಜ್ಜಿಯ ಮಾತನ್ನು ಬೇರೆಯವರ ಬಾಯಲ್ಲಿ ಕೇಳಲಾರೆ ಎಂದಳಂತೆ. ಆದರೆ ದೂರಗನ್ನಡಿಯ ಮಾತುಕತೆಗಳಿಂದ ಮಾದೇವಿಯ ಕಿವಿಯಲ್ಲಿ ಹತ್ತಾರು ಪದಗಳು ಉಳಿದಿದ್ದವು. ಮರುದಿನ ಊಟಕ್ಕೆ ಕೂತಾಗ ಅವಳು ಆ ಭಾಷೆಯಲ್ಲಿ ಉಪ್ಪು ಕೊಡು ಎನ್ನಲು ಹೋಗಿ, ಸೋದರಮಾವನನ್ನು ಕೊಡು ಎಂದಳು. ಉಲುವೆ ತಲೆಯೆತ್ತದೆ ಉಣ್ಣುತ್ತಿದ್ದಳು. ಮಾದೇವಿ ಮತ್ತೆ ಸೋದರಮಾವನನ್ನೇ ಕೇಳಿದಳು.

“ಹಾಗಲ್ಲ ಮಾರಾಯ್ತಿ,” ಎಂದು ಉಲುವೆ ಸಿಡುಕಿ ಸರಿಯಾದ ಪದ ಹೇಳಿದಳು.

ಕಲಿಕೆ ಶುರುವಾದದ್ದು ಹೀಗೆ. ಮಾದೇವಿ ತಪ್ಪು ಆಡುವುದು, ಉಲುವೆ ತಡೆಯಲಾರದೆ ತಿದ್ದುವುದು. ಬಟ್ಟೆ ಒಗೆಯುವಾಗ, ತಲೆ ಬಾಚುವಾಗ, ಈಜಿ ಬಂದು ಮೆಟ್ಟಿಲ ಮೇಲೆ ಕಾಲು ಒಣಗಿಸುವಾಗ ಇದೇ ಜಗಳ. ಕೆಲವು ತಪ್ಪನ್ನು ಮಾದೇವಿ ಬೇಕೆಂದೇ ಆಡುತ್ತಿದ್ದಳೋ ಎಂದು ನನಗೆ ಇವತ್ತಿಗೂ ಗುಮಾನಿ. ಚಳಿಗಾಲ ಕಳೆಯುವ ಹೊತ್ತಿಗೆ ಇಬ್ಬರೂ ಆ ಭಾಷೆಯಲ್ಲೇ ಮುನಿಸಿಕೊಳ್ಳುತ್ತಿದ್ದರು.

ಹಬ್ಬದ ದಿನ ಉಲುವೆ ವೇದಿಕೆ ಹತ್ತಿದಳು. ಏನು ಹೇಳಿದಳೆಂದು ಆಗ ನಮಗೆ ತಿಳಿಯಲಿಲ್ಲ. ಆಮೇಲೆ ಮಾದೇವಿ ಬಿಡಿಸಿ ಹೇಳಿದಳು. ಚಳಿದೇಶದ ಈಜುಕೊಳದಲ್ಲಿ ಅಜ್ಜಿ ಅವಳ ಜಡೆ ಹಿಡಿದುಕೊಂಡು ಈಜು ಕಲಿಸಿದ್ದಳಂತೆ. ಊರು ಮುಳುಗಿದವರು ನೀರಿಗೆ ಹೆದರಬಾರದು ಎನ್ನುತ್ತಿದ್ದಳಂತೆ. ಇಲ್ಲಿನ ಪುಟ್ಟ ಮಕ್ಕಳಿಗೂ ತಾನು ಹಾಗೇ ಕಲಿಸಿದೆ, ಆದರೆ ಜಡೆ ಹಿಡಿಯಲಿಲ್ಲ ಎಂದಳಂತೆ. ಅರ್ಥವಾಗದಿದ್ದರೂ ಯಾರೂ ಅಲುಗಾಡಲಿಲ್ಲ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ಮನೆಗೆ ಬಂದವಳ ಮುಖ ಅದು.

ಮಾದೇವಿ ಎದ್ದು ಮರುಪ್ರಶ್ನೆ ಕೇಳಿದಳು. ಎಲ್ಲೋ ತಪ್ಪಿರಬೇಕು, ಉಲುವೆ ವೇದಿಕೆಯಿಂದಲೇ ತಿದ್ದಿದಳು. ತಿದ್ದುವ ದನಿಗೆ ಕಿವಿಮಣಿ ಬೇಕೇ? ಸಭೆಯೆಲ್ಲ ನಕ್ಕಿತು. ಮಾದೇವಿ ಮತ್ತೆ ಕೇಳಿದಳು. ಈ ಸಲ ಉಲುವೆ ತಿದ್ದಲಿಲ್ಲ. ಮೆಲ್ಲಗೆ ಏನೋ ಹೇಳಿ, ಇಳಿದು ಬಂದು ಮಾದೇವಿಯ ಪಕ್ಕದಲ್ಲಿ ಕೂತಳು.

ಪ್ರಶ್ನೆ ಇದಂತೆ: “ನಾನು ನಿಂಗೆ ಏನಾಗ್ಬೇಕು? ನಿಮ್ಮ ಮಾತಲ್ಲಿ ಅದಕ್ಕೆ ಎಂತ ಹೇಳ್ತಾರೆ?”

ಉತ್ತರ ಇದು: “ಗೊತ್ತಿಲ್ಲ. ಅಜ್ಜಿ ಹತ್ರ ಆ ಶಬ್ದ ಬೇಕಾಗ್ಲೇ ಇಲ್ಲ.”

ಅಜ್ಜಿಯೊಬ್ಬಳಿಂದಲೇ ಕಲಿತ ಭಾಷೆಯಲ್ಲಿ ಉಪ್ಪಿತ್ತು, ಸೋದರಮಾವನಿದ್ದ, ಬೈಗುಳವಿತ್ತು. ಗೆಳತಿ ಎಂಬ ಪದ ಇರಲಿಲ್ಲ. ಚದುರಿದವರಲ್ಲಿ ಸಿಕ್ಕಿದ ಒಬ್ಬಿಬ್ಬರು ಮುದುಕರನ್ನೂ ವಿಚಾರಿಸಿ ನೋಡಿದೆವು. ಅವರು ಮರೆತಿದ್ದಾರೆ.

ಅದಕ್ಕೇ ಈ ಕಾಗದ. ನಿಮ್ಮ ಕಾಲದಲ್ಲಿ ಆ ದ್ವೀಪ ಇನ್ನೂ ನೀರಿನ ಮೇಲಿದೆ. ಅಲ್ಲಿನ ಮಕ್ಕಳು ಇನ್ನೂ ಒಬ್ಬರನ್ನೊಬ್ಬರು ಆಟಕ್ಕೆ ಕೂಗುತ್ತಿದ್ದಾರೆ. ನಿಮ್ಮ ಶಾಲೆಗೆ ಎಲ್ಲೆಲ್ಲಿಂದಲೋ ಮಕ್ಕಳು ಬರುತ್ತಾರಲ್ಲ, ಅಲ್ಲಿಯವರು ಯಾರಾದರೂ ಬಂದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ವೇಳೆ ಅವರು ನಿಮ್ಮನ್ನು ಆ ಪದದಿಂದ ಕರೆದರೆ, ಎಲ್ಲಾದರೂ ಬರೆದಿಡಿ. ನಾವು ಮೂವರು ಕಾಯುತ್ತಿದ್ದೇವೆ: ಉಲುವೆ, ಮಾದೇವಿ, ಮತ್ತು ನಿಮ್ಮ

ದೇವಕಿ ಅಕ್ಕೋರು