ಹೊಸ ಸೊಸೆಯ ಮೊದಲ ಕೊಡ

ಗಜೇಂದ್ರಗಡ, ೧೨ ಏಪ್ರಿಲ್ ೧೯೫೬

ಪೇಟೆ ಉದ್ಯಾನ ಸಮಿತಿಯ ಅಧ್ಯಕ್ಷರಾದ ಅಂದಾನೆಪ್ಪನವರಿಗೆ ನಮಸ್ಕಾರಗಳು.

ಕಳೆದ ಸೋಮವಾರ ಬೆಳಿಗ್ಗೆ, ನೀರಿನ ಕೊಡ ಹೊತ್ತು ಬಂದ ನಮ್ಮ ಹೊಸ ಸೊಸೆಯನ್ನು ನಿಮ್ಮ ಕಾವಲುಗಾರ ಉದ್ಯಾನದ ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸಿದ. ಕಲೆಕ್ಟರ್ ಸಾಹೇಬರು ಬಂದು ಉದ್ಘಾಟಿಸುವವರೆಗೆ ಯಾರೂ ಒಳಗೆ ಕಾಲಿಡಬಾರದೆಂಬುದು ನಿಮ್ಮ ಅಪ್ಪಣೆಯಂತೆ.

ನಿಮಗೆ ಮರೆತಿರಬಹುದು. ಸ್ವಾತಂತ್ರ್ಯ ಬಂದ ವರ್ಷ ಆ ಜಾಗ ಬರೀ ಕಲ್ಲಿನ ಬಯಲು. ಅಲ್ಲಿ ಬೇವಿನ ಸಸಿ ನೆಟ್ಟಾಗ ನೀವೇ ಮನೆಮನೆಗೆ ಬಂದು, "ಬಾವಿಯಿಂದ ಬರೂವಾಗ ಒಂದ್ ಕೊಡ ಗಿಡಕ್ಕ ಹಾಕ್ರಿ, ಅವ್ವಾ" ಎಂದು ಕೈಮುಗಿದಿರಿ. ಅಂದಿನಿಂದ ಪೇಟೆಗೆ ಬಂದ ಪ್ರತಿ ಸೊಸೆಯೂ ತನ್ನ ಮೊದಲ ಕೊಡವನ್ನು ಅಲ್ಲಿಯೇ ಸುರಿದಿದ್ದಾಳೆ. ನಿಮ್ಮ ಸೊಸೆಯೂ ಸುರಿದಳು.

ಸಾಹೇಬರು ಬರುವುದು ಮುಂದಿನ ತಿಂಗಳು. ಈ ಬಿಸಿಲಿಗೆ ಒಳಗಿನ ಮಲ್ಲಿಗೆ ಬಳ್ಳಿ ನೀರಿಲ್ಲದೆ ಆಗಲೇ ಬಾಡಿದೆ. ಅದನ್ನು ಬೇಲಿಯ ಹೊರಗಿನಿಂದ ನೋಡಿದ ನನ್ನ ಹೆಂಡತಿ ಸಿದ್ದವ್ವ, "ನೀರ ಬೇಕಾದಾಗ ನಾವು ಅವ್ವ, ನೆರಳ ಬಂದಮ್ಯಾಲ ಯಾರೋ ಏನೋ" ಎಂದಳು. ಅದಕ್ಕೆ ಉತ್ತರ ನಿಮ್ಮಲ್ಲಿರಬೇಕು.

ಉದ್ಯಾನದ ಬಾಗಿಲಿಗೆ ಹಾಕಿಸಿದ ಬೀಗವನ್ನು ಇಂದೇ ತೆಗೆಸಿರಿ. ಬರುವ ಸಂತೆಯ ದಿನ ಆ ಬಾಗಿಲಲ್ಲಿ ನಿಂತು, ಕೊಡ ಹೊತ್ತು ಬರುವ ಹೆಂಗಸರ ಎದುರಿಗೆ, ಈ ತೋಟ ಯಾರದೆಂದು ಬಾಯಿಬಿಟ್ಟು ಹೇಳಿರಿ.

ನಿಮ್ಮದೇ ಪೇಟೆಯ,
ಪ್ರಭುಲಿಂಗಪ್ಪ