ಕಿಲುಬಿನೊಳಗಿನ ದಾರ

ಮಾರ್ಚ್ 3, ಬೆಳಿಗ್ಗೆ 9

ಮ್ಯೂಸಿಯಮ್ಮಿನ ಸ್ಟೋರಿನಿಂದ ನನ್ನ ಮೇಜಿಗೆ ಇನ್ನೊಂದು ಡಬ್ಬಿ ಬಂತು. ಸೂಸ್ ಊರಾಚೆಯ ಹಳೇ ಸ್ಮಶಾನದ್ದು. ರೋಮನ್ನರ ಕಾಲದ ಕಂಚಿನ ನಾಣ್ಯ, ಅಂಚಿನಲ್ಲಿ ತೂತು. ಹಸಿರು ಕಿಲುಬು ಹಿಡಿದು ಮುಖವೇ ಕಾಣುವುದಿಲ್ಲ. ಡೈರೆಕ್ಟರ್ ರಶ್ದಿ ಸಾಹೇಬರಿಗೆ ಹದಿನೆಂಟರ ಪ್ರದರ್ಶನಕ್ಕೆ ಚಕ್ರವರ್ತಿಯ ಮುಖ ಬೇಕಂತೆ. ಆಗಲಿ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ, ಇಲ್ಲಿ ಕಿಲುಬು ಕೆರೆಯುವುದೇ ವಾಸಿ.

ಮಾರ್ಚ್ 4

ಮೈಕ್ರೋಸ್ಕೋಪಿನಲ್ಲಿ ನೋಡಿದೆ. ತೂತಿನಿಂದ ಚಕ್ರವರ್ತಿಯ ಕೆನ್ನೆವರೆಗೆ — ದಾರ. ನಿಜವಾದ ದಾರ ಯಾವತ್ತೋ ಕೊಳೆತಿದೆ, ಕಿಲುಬೇ ಅದರ ಆಕಾರ ಹಿಡಿದು ಗಟ್ಟಿಯಾಗಿದೆ. ಎರಡೆಳೆ ಹೊಸೆದದ್ದು, ಒಂದು ಗಂಟು. ತೂತಿನ ಅಂಚು ಸವೆದು ನುಣುಪಾಗಿದೆ, ತಾಯತದ ಹಾಗೆ ದಿನಾ ತೊಟ್ಟದ್ದು. ಅಗೆದವರ ಚೀಟಿ ಹುಡುಕಿ ಓದಿದೆ. ಕೂಸು, ಹಲ್ಲು ಎರಡು, ನಾಣ್ಯ ಕತ್ತಿನ ಬಳಿ.

ನನ್ನ ಟೆಸ್ನೀಮ್ ಮಣ್ಣಿಗೆ ಹೋದಾಗ ಅವಳಿಗೂ ಎರಡೇ ಹಲ್ಲು.

ಬ್ಲೇಡು ಕೆಳಗಿಟ್ಟೆ.

ಮಾರ್ಚ್ 9

ನಾಲ್ಕು ದಿನ ಕೆಲಸಕ್ಕೆ ಹೋಗಲಿಲ್ಲ. ಇದನ್ನು ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಅತ್ತೆ ದೃಷ್ಟಿಗೆಂದು ಮಗುವಿನ ಅಂಗಿಗೆ ಬೆಳ್ಳಿಯ ಮೀನು ಸಿಕ್ಕಿಸಿದ್ದರು. ಪಿನ್ನು ಚುಚ್ಚೀತು ಎಂದು ತೆಗೆದವಳು ನಾನು. ಓದಿದವಳಲ್ಲವೇ. ನಾಲ್ಕನೇ ದಿನ ಜ್ವರ. ಆರನೇ ದಿನ... ಡಾಕ್ಟರು ಮಿದುಳು ಜ್ವರ ಎಂದರು. ನನಗೂ ಗೊತ್ತು ಅದು ಮಿದುಳು ಜ್ವರ ಎಂದು. ಗೊತ್ತಿದ್ದರೇನು ಬಂತು.

ಅತ್ತೆ ಆವತ್ತಿನಿಂದ ಆ ಮೀನಿನ ಬಗ್ಗೆ ಒಂದು ಮಾತೂ ಆಡಿಲ್ಲ. ಅವರ ಮನಸ್ಸಿನಲ್ಲಿ ತಪ್ಪು ನನ್ನದೇ ಎಂದು ನನ್ನ ಗಂಡ ಹಾತಿಮ್‌ಗೆ ಹೇಳಿದರೆ ಅಮ್ಮ ಅಂಥವಳಲ್ಲ, ನೀನೇ ಇಲ್ಲದ್ದು ಕಟ್ಟಿಕೊಳ್ಳುತ್ತೀ ಎನ್ನುತ್ತಾನೆ. ಅತ್ತೆ ಬೈದಿದ್ದರಾದರೂ ತಿರುಗಿ ಏನಾದರೂ ಹೇಳಬಹುದಿತ್ತು.

ಮಾರ್ಚ್ 11, ಮಧ್ಯಾಹ್ನ

ರಶ್ದಿ ಸಾಹೇಬರ ಜೊತೆ ಜಗಳ. ದಾರ ತೆಗೆಯುವುದಿಲ್ಲ ಎಂದೆ.

"ಜನ ಬರೋದು ಚಕ್ರವರ್ತಿ ನೋಡಕ್ಕಮ್ಮ, ದಾರ ನೋಡಕ್ಕಲ್ಲ."

ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಸಾಹೇಬರು ಪಾಪ, ಗಾಬರಿಯಾಗಿ ನೀರು ತರಿಸಿದರು. ಕೊನೆಗೆ, ಹಿಂಬದಿ ಮಾತ್ರ ಕೆರೆದು ಕೊಡು, ದಾರ ಮುಟ್ಟಬೇಡ ಎಂದರು.

ಆ ಕೂಸಿನ ತಾಯಿ ದಾರ ಬಿಚ್ಚಿರಲಿಲ್ಲ. ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಆದರೂ ಕೂಸು ಉಳಿಯಲಿಲ್ಲ. ಇದನ್ನೇ ಹತ್ತು ಸಲ ಬರೆಯಬೇಕೆನಿಸುತ್ತದೆ.

ಮಾರ್ಚ್ 18, ಸಂಜೆ

ಪ್ರದರ್ಶನಕ್ಕೆ ಅತ್ತೆಯನ್ನು ನಾನೇ ಕರೆದುಕೊಂಡು ಹೋದೆ. ಗಾಜಿನ ಮುಂದೆ ನಿಲ್ಲಿಸಿ ಎಲ್ಲ ಹೇಳಿದೆ — ಕೂಸು, ಹಲ್ಲು, ದಾರ. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಮಣ್ಣು ಮಾಡೋವಾಗ್ಲೂ ಕತ್ತಲ್ಲೇ ಇತ್ತಾ?"

ಇತ್ತು ಎಂದೆ.

ಗಾಜಿನ ಮೇಲೆ ಬೆರಳಿಟ್ಟು ದಾರದ ಗಂಟು ಹುಡುಕಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಮಗು ಹೋದ ಮೇಲಿನ ಎಂಟು ತಿಂಗಳಲ್ಲಿ ಮೊದಲ ಸಲ.

"ಹಂಗಾದ್ರೆ ನಿಂದೇನೂ ತಪ್ಪಿಲ್ಲ ಕಣಮ್ಮ."

ಇಬ್ಬರೂ ಅತ್ತೆವು. ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದರು. ಹಗುರಾದರು, ಪಾಪ. ನನಗೆ ಮಾತ್ರ ಒಂದೇ ಯೋಚನೆ. ಹಂಗಾದ್ರೆ, ಎಂದರಲ್ಲ. ಅಂದರೆ ಇಷ್ಟು ದಿನ — ಒಂದೇ ತಟ್ಟೆಯಲ್ಲಿ ಕುಸ್ಕುಸ್ ತಿನ್ನುವಾಗ, ಮಗುವಿನ ಅಂಗಿಗಳನ್ನು ಇಬ್ಬರೂ ಕೂತು ಮಡಿಸುವಾಗ, ನನ್ನ ಮುಖ ನೋಡಿದಾಗಲೆಲ್ಲ —