ಕೈ ಕಟ್ಟಿಸಿದ ಕುಂಬಳಕಾಯಿ

ಗುರುವಾರ, ನವೆಂಬರ್ ಹದಿಮೂರು

ಇವತ್ತು ಮೊಮ್ಮಗಳ ತರಗತಿಯಲ್ಲಿ ನನ್ನ ಹಲ್ಲಿನ ಸೆಟ್ಟು ಕುಂಬಳಕಾಯಿಯೊಳಗೆ ಬಿದ್ದುಹೋಯಿತು. ಸುಳ್ಳು. ಅದು ಬಾಯಲ್ಲೇ ಇತ್ತು. ಬಾಯಿಗೆ ಅಂಗೈ ಅಡ್ಡ ಹಿಡಿದು ‘ಹಲ್ಲು ಬಿತ್ತು’ ಅಂತ ಕೂಗಿದೆ, ಅಷ್ಟೇ.

ಕೂಗದೆ ಏನು ಮಾಡಲಿ? ಬೋರ್ಡಿನ ಮೇಲೆ ‘ಕೈಯಾರೆ ಕಲಿಕೆ’ ಅಂತ ಬರೆದು, ಕುಂಬಳಕಾಯಿ ಕೊರೆದು ತಿರುಳು ತೆಗೆಯಲು ನನ್ನನ್ನು ಕರೆಸಿ, ಮಕ್ಕಳಿಗೆ ಮಾತ್ರ “ಎಲ್ಲರೂ ಕೈ ಕಟ್ಟಿ!” ಅಂದರು ಟೀಚರ್.

“ಕೈಯಾರೆ ಅಂದ್ರೆ ಕೈ ಯಾರದು ಮೇಡಂ?”

“ನಿಮ್ದೇ ತಾತ. ಮಕ್ಕಳ ಬಟ್ಟೆ ಕೊಳೆಯಾಗುತ್ತೆ.”

ಹಲ್ಲು ಹುಡುಕಲು ಮಕ್ಕಳೆಲ್ಲ ಮೊಣಕೈವರೆಗೆ ಕೈ ಹಾಕಿ ಕಿರುಚಿದವು. ಟೀಚರ್ ಮುಖ ಸುಟ್ಟ ಬದನೆಕಾಯಿ. ಕೈ ಕಟ್ಟಿಕೊಂಡೇ ನಿಂತವಳು ನನ್ನ ಮೊಮ್ಮಗಳೊಬ್ಬಳೇ. ಯಾರಿಗಾಗಿ ಇಷ್ಟೆಲ್ಲ ಕುಣಿದೆನೋ ಅವಳೇ!

“ಟೀಚರ್ ಇನ್ನೂ ಬಿಚ್ಚಿ ಅಂದಿಲ್ಲ ತಾತ,” ಅಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ಆಮೇಲೆ ದಾರಿಯಲ್ಲಿ ಮೆಲ್ಲಗೆ ಕೇಳುತ್ತಾಳೆ, “ಒಳಗೆ ಮೆತ್ತಗಿತ್ತಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಜೇಬು ಮುಟ್ಟಿ ನೋಡಿಕೊಂಡೆ. ಹಲ್ಲಿನ ಕತೆ ಸುಳ್ಳಾದರೂ ಗದ್ದಲದಲ್ಲಿ ಒಂದು ಹಿಡಿ ತಿರುಳು ಕದ್ದದ್ದು ನಿಜ. ಅದನ್ನು ಅವಳ ಅಂಗೈಗೆ ಸುರಿದೆ. “ಥೂ, ಲೋಳೆ!” ಅಂದವಳು ಮನೆ ಬರುವವರೆಗೂ ಮುಷ್ಟಿ ಬಿಚ್ಚಲಿಲ್ಲ.